ರುಚಿ ಪ್ರಶ್ನೋತ್ತರ: ಒಂದೇ ವೈನರಿಯ ಕೆಂಪು, ಅದೇ ವೈನರಿಯ ಸಿಹಿ

ಒಂದೇ ವೈನರಿಯ ಕೆಂಪು ವೈನ್‌ಗಳನ್ನೂ ಊಟದ ಕೊನೆಗೆ ಕುಡಿಯುವ ಸಿಹಿ ವೈನ್‌ಗಳನ್ನೂ ಒಟ್ಟಿಗೆ ಇಟ್ಟುಕೊಂಡು ರುಚಿ ನೋಡಿ ಎಂದು ಕಳೆದ ತಿಂಗಳು ಬರೆದಿದ್ದೆ. ಬಂದ ಪತ್ರಗಳಲ್ಲಿ ಬಹಳಷ್ಟು “ಹಾಗಾದರೆ ಯಾವ ಬಾಟಲಿ ಕೊಳ್ಳಲಿ?” ಎಂಬಲ್ಲಿಗೇ ಬಂದು ನಿಲ್ಲುತ್ತವೆ. ಅದಕ್ಕೆ ಉತ್ತರಿಸುವುದಿಲ್ಲ, ನನ್ನ ನಾಲಿಗೆಯನ್ನು ಕಡ ಕೊಡಲು ಬರುವುದಿಲ್ಲ. ಉಳಿದವನ್ನು ಎತ್ತಿಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ವೈನರಿಯೊಂದರ ಪ್ರಯೋಗಾಲಯದಲ್ಲಿ ದುಡಿದವಳು. ಅಲ್ಲಿ ರುಚಿ ನೋಡುವುದು ಬೆಳಗಿನ ಹೊತ್ತಿನ ಕೆಲಸ. ಕೈಯಲ್ಲಿ ಪೆನ್ಸಿಲು, ಪಕ್ಕದಲ್ಲಿ ಉಗುಳುವ ಪಾತ್ರೆ, ತಲೆಯ ಮೇಲೆ ಬಿಳಿ ದೀಪ. ಉತ್ತರಗಳು ಸ್ವಲ್ಪ ಒಣಒಣ ಅನ್ನಿಸಿದರೆ ಕಾರಣ ಅದು.

ಪ್ರಶ್ನೆ: ನಾವು ಆರು ಜನ ಗೆಳೆಯರು ಒಂದೇ ವೈನರಿಯ ನಾಲ್ಕು ಕೆಂಪು ವೈನ್, ಎರಡು ಸಿಹಿ ವೈನ್ ತಂದಿಟ್ಟಿದ್ದೇವೆ. ಯಾವ ಕ್ರಮದಲ್ಲಿ, ಎಷ್ಟೆಷ್ಟು ಸುರಿದುಕೊಳ್ಳಬೇಕು? ಎಲ್ಲ ಒಂದೇ ಕಡೆಯವಾದರೆ ಹೋಲಿಸಿ ನೋಡುವುದಕ್ಕೆ ಏನು ಉಳಿಯುತ್ತದೆ?

ಉತ್ತರ: ಕೊನೆಯ ಪ್ರಶ್ನೆಯೇ ಮುಖ್ಯ, ಮೊದಲು ಅದು. ಆರು ಬೇರೆ ಬೇರೆ ವೈನರಿಗಳ ಬಾಟಲಿಗಳನ್ನು ಸಾಲಾಗಿ ಇಟ್ಟರೆ ದ್ರಾಕ್ಷಿಯ ತಳಿ, ಮಣ್ಣು, ಆ ವರ್ಷದ ಮಳೆಬಿಸಿಲು, ಪೀಪಾಯಿ, ತಯಾರಿಸಿದವರ ಕೈ ಎಲ್ಲವೂ ಒಟ್ಟೊಟ್ಟಿಗೆ ಬದಲಾಗುತ್ತವೆ. ವ್ಯತ್ಯಾಸ ಕಾಣುತ್ತದೆ, ಎಲ್ಲಿಂದ ಬಂತೆಂದು ಗೊತ್ತಾಗುವುದಿಲ್ಲ. ಒಂದೇ ವೈನರಿಯದಾದರೆ ಕೈಯೂ ನೆಲಮಾಳಿಗೆಯೂ ಒಂದೇ. ಲೋಟದಿಂದ ಲೋಟಕ್ಕೆ ಬದಲಾಗುವುದನ್ನು ತಳಿಗೋ ತೋಟಕ್ಕೋ ವರ್ಷಕ್ಕೋ ಹಚ್ಚಬಹುದು. ಎಲ್ಲ ಲೋಟಗಳಲ್ಲೂ ಬಿಡದೆ ಕಾಣಿಸಿಕೊಳ್ಳುವುದು ಆ ವೈನರಿಯ ಸ್ವಭಾವ, ಇಲ್ಲವೇ ಅದರ ದೋಷ. ಆದ್ದರಿಂದ ನಿಮ್ಮ ಹಾಳೆಯಲ್ಲಿ ಆರು ಬಾಟಲಿಗಳಿಗೆ ಆರು ಸಾಲು ಬರೆದ ಮೇಲೆ ಏಳನೆಯದೊಂದು ಇರಲಿ: “ಎಲ್ಲದರಲ್ಲೂ ಇದ್ದದ್ದು”. ನಾನು ಮೊದಲು ಓದುವುದು ಆ ಸಾಲನ್ನೇ.

ಕ್ರಮದಲ್ಲಿ ಕಷ್ಟವೇನಿಲ್ಲ. ಹಗುರದಿಂದ ಭಾರಕ್ಕೆ, ಒಗರು ಕಡಿಮೆ ಇರುವುದರಿಂದ ಹೆಚ್ಚು ಇರುವುದಕ್ಕೆ, ಸಿಹಿ ಎಲ್ಲಕ್ಕಿಂತ ಕೊನೆಗೆ. ಸಿಹಿ ಮುಟ್ಟಿದ ನಾಲಿಗೆಗೆ ಆಮೇಲೆ ಬರುವ ಕೆಂಪು ವೈನ್ ಹುಳಿಯಾಗಿ, ತೆಳ್ಳಗೆ, ಸಿಡುಕಾಗಿ ಕಾಣುತ್ತದೆ. ಪಾಪ, ಅದರ ತಪ್ಪೇನೂ ಇರುವುದಿಲ್ಲ. ಒಂದೇ ಹೆಸರಿನ ವೈನ್ ಎರಡು ಮೂರು ವರ್ಷದ್ದು ಇದ್ದರೆ ನಾನು ಎಳೆಯದರಿಂದ ಶುರುಮಾಡುತ್ತೇನೆ. ತದ್ವಿರುದ್ಧವಾಗಿ ಮಾಡುವವರೂ ಇದ್ದಾರೆ. ಎಳೆಯದರಲ್ಲಿ ಹಣ್ಣಿನ ರುಚಿ ಏನಿತ್ತು, ಪೀಪಾಯಿಯ ಮರದ್ದೇನಿತ್ತು ಎಂದು ತಿಳಿದುಕೊಂಡರೆ ಹಳೆಯದರಲ್ಲಿ ಅವು ಏನಾದವು ಎಂದು ಹುಡುಕಬಹುದು ಎಂಬುದು ನನ್ನ ಲೆಕ್ಕ.

ಅಳತೆ ತಲೆಗೆ 50 ಮಿಲಿ. 1977ರಲ್ಲಿ ಐಎಸ್‌ಒ ಸಂಸ್ಥೆ ಗೊತ್ತುಮಾಡಿದ ರುಚಿನೋಟದ ಲೋಟ ಒಟ್ಟು ಸುಮಾರು 215 ಮಿಲಿ ಹಿಡಿಯುತ್ತದೆ. ಸುರಿಯಬೇಕಾದದ್ದು ಮಾತ್ರ 50. ಮಿಕ್ಕ ಜಾಗ ಪರಿಮಳಕ್ಕೆ. ಆ ಲೋಟವೇ ಬೇಕೆಂದಿಲ್ಲ, ಆದರೆ ಎಲ್ಲ ಲೋಟಗಳೂ ಒಂದೇ ಆಕಾರದವು ಇರಬೇಕು, ಹೊಟ್ಟೆಗಿಂತ ಬಾಯಿ ಕಿರಿದಾಗಿರಬೇಕು. ಸಿಹಿ ವೈನ್ 30 ಮಿಲಿ ಆದರೂ ನಡೆದೀತು. ಹೀಗೆ ಸುರಿದರೆ ಪ್ರತಿ ಬಾಟಲಿಯಲ್ಲೂ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಬಿರಡೆ ಹಾಕಿ ಎತ್ತಿಡಿ, ಮರುದಿನ ಇನ್ನೊಮ್ಮೆ ನೋಡಿ. ಒಂದು ರಾತ್ರಿಯ ಗಾಳಿಗೆ ಕುಸಿದುಹೋಗುವ ಕೆಂಪು ವೈನ್ ಬಹಳ ವರ್ಷ ಇಡಲಿಕ್ಕಲ್ಲ.

ಕೆಂಪು ವೈನ್ 15ರಿಂದ 18 ಡಿಗ್ರಿ ಸೆಲ್ಸಿಯಸ್, ಸಿಹಿಯದು 8ರಿಂದ 12. “ಕೆಂಪು ವೈನ್ ಕೋಣೆಯ ಬಿಸಿಯಲ್ಲೇ ಇರಲಿ” ಎಂಬ ಮಾತನ್ನು ನಂಬಬೇಡಿ. 20 ಡಿಗ್ರಿ ದಾಟಿತೆಂದರೆ ಮದ್ಯದ ಘಾಟು ಮೇಲೆದ್ದು ಹಣ್ಣನ್ನು ಮುಚ್ಚಿಬಿಡುತ್ತದೆ. ಬಾಟಲಿಗಳಿಗೆ ಕಾಗದದ ಚೀಲ ಹಾಕಿ ಸಂಖ್ಯೆ ಬರೆಯಿರಿ. ಯಾವುದು ಯಾವುದೆಂದು ಗೊತ್ತಿರುವವರು ಬಾಯಿ ಬಿಡಬಾರದು, ಹುಬ್ಬನ್ನೂ ಏರಿಸಬಾರದು. ಉಗುಳುವ ಪಾತ್ರೆ ಇಡುವುದಕ್ಕೆ ಸಂಕೋಚ ಬೇಡ. ಆರು ಲೋಟ ಎಂದರೆ ಹತ್ತಿರ ಹತ್ತಿರ 300 ಮಿಲಿ. ಅಷ್ಟು ಹೊಟ್ಟೆಗೆ ಇಳಿದ ಮೇಲೆ ಆರನೆಯ ವೈನ್ ಯಾವಾಗಲೂ ಅದ್ಭುತವೇ. ಉಗುಳಿದರೂ ಸ್ವಲ್ಪ ಮದ್ಯ ದೇಹಕ್ಕೆ ಸೇರುತ್ತದೆ, ಆಮೇಲೆ ವಾಹನ ಓಡಿಸುವ ಯೋಚನೆ ಬೇಡ.

ಪ್ರಶ್ನೆ: ವೈನರಿಯ ಕೈಪಿಡಿಯಲ್ಲಿ ‘ಚೆರ್ರಿ, ಚರ್ಮ, ತಂಬಾಕು, ಕರಿಮೆಣಸು’ ಎಂದಿದೆ. ನನಗೆ ಅದೊಂದೂ ಹತ್ತಲಿಲ್ಲ. ಮಗಳು ಮೆಣಸು ಖಂಡಿತ ಇದೆ ಎನ್ನುತ್ತಾಳೆ. ನನ್ನ ಮೂಗು ಕೆಟ್ಟಿದೆಯೇ?

ಉತ್ತರ: ಇರಲಾರದು. ಸಿರಾ ದ್ರಾಕ್ಷಿಯ ವೈನ್‌ನಲ್ಲಿ ಬರುವ ಮೆಣಸಿನ ವಾಸನೆಗೆ ಕಾರಣ ರೋಟಂಡೋನ್ ಎಂಬ ವಸ್ತು. ಕಾಳುಮೆಣಸಿನಲ್ಲಿ ಇರುವುದೂ ಅದೇ. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಇದನ್ನು ಗುರುತಿಸಿ ಪ್ರಕಟಿಸಿದಾಗ ಜೊತೆಗೆ ಇನ್ನೊಂದು ಸಂಗತಿಯೂ ಹೊರಬಿತ್ತು: ಪರೀಕ್ಷೆಗೆ ಕೂತವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅದು ಎಷ್ಟು ಬೆರೆಸಿದರೂ ಮೂಗಿಗೆ ಹತ್ತುವುದೇ ಇಲ್ಲ. ನಿಮ್ಮ ಮಗಳು ಹೇಳುವುದೂ ನಿಜ, ನೀವು ಹೇಳುವುದೂ ನಿಜ. ಇಬ್ಬರೂ ಒಂದೇ ಮೇಜಿಗೆ ಕೂತಿರಿ, ಅದೇ ಲಾಭ.

ಆ ಪಟ್ಟಿಯಲ್ಲಿ ಕೆಲವಕ್ಕೆ ಹೀಗೆ ಗಟ್ಟಿ ಆಧಾರವಿರುತ್ತದೆ. ಕಬೆರ್ನೆ ಸೋವಿನ್ಯೋನ್ ದ್ರಾಕ್ಷಿಯ ವೈನ್‌ನ ಹಸಿ ದೊಣ್ಣೆಮೆಣಸಿನ ವಾಸನೆ ಮೆಥಾಕ್ಸಿಪೈರಜೀನ್ ಎಂಬ ವಸ್ತುವಿನದು, ಹಣ್ಣು ಸರಿಯಾಗಿ ಮಾಗದಿದ್ದರೆ ಹೆಚ್ಚು. ವೆನಿಲ್ಲಾ ಓಕ್ ಪೀಪಾಯಿಯದು. ತೆಂಗಿನಕಾಯಿಯ ಪರಿಮಳ ಬಂದರೆ ಅಮೆರಿಕದ ಓಕ್ ಇರಬಹುದೆಂದು ಶಂಕಿಸಿ. ಉಳಿದ ಚರ್ಮ, ತಂಬಾಕು ಇತ್ಯಾದಿಗಳಲ್ಲಿ ಬರೆದವರ ಹುರುಪೂ ಸ್ವಲ್ಪ ಸೇರಿರುತ್ತದೆ.

ಕೈಪಿಡಿಯನ್ನು ಮುಂಚೆ ಓದಿದ್ದು ಮಾತ್ರ ಸರಿಯಾಗಲಿಲ್ಲ. 2001ರಲ್ಲಿ ಪ್ರಕಟವಾದ, ಫ್ರಾನ್ಸಿನ ಬೋರ್ಡೋದ ಪ್ರಯೋಗವೊಂದರಲ್ಲಿ ವೈನ್ ಶಾಸ್ತ್ರದ 54 ವಿದ್ಯಾರ್ಥಿಗಳಿಗೆ ಬಿಳಿ ವೈನ್ ಕೊಟ್ಟು, ಅದೇ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿಯೂ ಕೊಟ್ಟರು. ಬಣ್ಣ ಹಾಕಿದ್ದನ್ನು ಅವರು ಕೆಂಪು ವೈನ್‌ಗೆ ಬಳಸುವ ಮಾತುಗಳಲ್ಲೇ ವರ್ಣಿಸಿದರು. ಕಣ್ಣು ಹೇಳಿದ್ದನ್ನು ಮೂಗು ಒಪ್ಪಿಕೊಂಡಿತು. ಕೈಪಿಡಿ ಹೇಳಿದ್ದನ್ನೂ ಅಷ್ಟೇ ಸಲೀಸಾಗಿ ಒಪ್ಪಿಕೊಳ್ಳುತ್ತದೆ. ಮೊದಲು ಹುಳಿ ಎಷ್ಟು, ಒಗರು ಎಷ್ಟು, ಗಂಟಲಲ್ಲಿ ಮದ್ಯದ ಉರಿ ಎಷ್ಟು, ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಂತಿತು ಎಂದು ಬರೆದುಕೊಳ್ಳಿ. ಚೆರ್ರಿ ಆಮೇಲೆ ಬಂದರೆ ಬರಲಿ.

ಪ್ರಶ್ನೆ: ಲೋಟ ತಿರುಗಿಸಿದಾಗ ಒಳಗೋಡೆಯ ಮೇಲೆ ದಪ್ಪ ಧಾರೆಗಳು ಇಳಿದರೆ ಅದು ಒಳ್ಳೆಯ ವೈನ್ ಎನ್ನುತ್ತಾರೆ ನಮ್ಮ ಯಜಮಾನರು. ಹೌದೇ?

ಉತ್ತರ: ಅಲ್ಲ. ಗಾಜಿಗೆ ಅಂಟಿದ ತೆಳುಪದರದಿಂದ ಮದ್ಯ ಬೇಗ ಆವಿಯಾಗುತ್ತದೆ, ಅಲ್ಲಿ ನೀರಿನ ಪಾಲು ಹೆಚ್ಚಿ ಮೇಲ್ಮೈ ಸೆಳೆತ ಏರುತ್ತದೆ, ದ್ರವ ಮೇಲಕ್ಕೆ ಎಳೆಯಲ್ಪಟ್ಟು ಹನಿಗೂಡಿ ಇಳಿಯುತ್ತದೆ. ಜೇಮ್ಸ್ ಥಾಮ್ಸನ್ 1855ರಲ್ಲೇ ಇದನ್ನು ವಿವರಿಸಿಬಿಟ್ಟಿದ್ದಾರೆ. ಅದರಿಂದ ತಿಳಿಯುವುದು ಮುಖ್ಯವಾಗಿ ಮದ್ಯದ ಪ್ರಮಾಣ, ಅದು ಬಾಟಲಿಯ ಚೀಟಿಯ ಮೇಲೆಯೇ ಇರುತ್ತದೆ.

ಪ್ರಶ್ನೆ: ಮೊದಲ ಎರಡು ಕೆಂಪು ವೈನ್ ನಯವಾಗಿದ್ದವು. ಮೂರನೆಯದಕ್ಕೆ ಬಾಯೆಲ್ಲ ಒಗರೊಗರು, ನಾಲ್ಕನೆಯದನ್ನು ಕುಡಿಯಲಾಗಲಿಲ್ಲ. ಕೊನೆಯ ಎರಡು ಕಳಪೆ ಎಂದು ಬರೆದುಕೊಂಡೆ. ಸರಿಯೇ?

ಉತ್ತರ: ಕ್ರಮ ತಿರುಗಿಸಿ ನೋಡುವವರೆಗೆ ಆ ತೀರ್ಪನ್ನು ಪೆನ್ಸಿಲಿನಲ್ಲೇ ಇಡಿ. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟು ಮತ್ತು ಪೀಪಾಯಿಯ ಮರದಿಂದ ಬರುವ ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿಯ ಜಾರುತನವನ್ನು ಕಸಿದುಕೊಳ್ಳುತ್ತದೆ. ಹೀಗಾಗಿ ಒಗರನ್ನು ನಾಲಿಗೆಗಿಂತ ಹೆಚ್ಚಾಗಿ ಒಸಡು, ಕೆನ್ನೆಯ ಒಳಬದಿ ಹೇಳುತ್ತವೆ. ಅದು ಗುಟುಕಿನಿಂದ ಗುಟುಕಿಗೆ ಕೂಡುತ್ತ ಹೋಗುತ್ತದೆ. ಜೊಲ್ಲು ಮತ್ತೆ ಊರುವುದಕ್ಕೆ ಸಮಯ ಬೇಕು. ಎರಡು ವೈನ್‌ಗಳ ನಡುವೆ ಒಂದೆರಡು ನಿಮಿಷ ಬಿಡಿ, ನೀರು ಕುಡಿಯಿರಿ, ಉಪ್ಪಿಲ್ಲದ ಸಪ್ಪೆ ಬ್ರೆಡ್ಡಿನ ಚೂರು ಅಗಿಯಿರಿ.

ಪ್ರಮಾಣಕ್ಕಿಂತ ಒಗರಿನ ಜಾತಿ ನೋಡಿ. ಒಸಡಿನ ಮೇಲೆ ಸಣ್ಣಗೆ ಹರಡಿ, ಹುಳಿಯ ಜೊತೆಗೇ ಕರಗಿಹೋಗುವ ಒಗರು ಕಾಲಕ್ರಮದಲ್ಲಿ ಮೆದುವಾಗುತ್ತದೆ. ಹಣ್ಣಿನ ರುಚಿ ಹೊರಟುಹೋದ ಮೇಲೂ ಕಹಿಯೊಂದಿಗೆ ಬಾಯಲ್ಲಿ ಪಟ್ಟುಹಿಡಿದು ಕೂರುವುದು ಬೇರೆ. ಬೀಜ ಮಾಗುವ ಮೊದಲೇ ಕಿತ್ತ ಹಣ್ಣೋ, ಹಿಂಡುವಾಗ ತೋರಿದ ಬಿರುಸೋ, ಹೊಸ ಪೀಪಾಯಿಯ ಅತಿಯೋ ಇರಬಹುದು. ಅದೇ ವೈನರಿಯ ಅಗ್ಗದ ಕೆಂಪು ವೈನ್ ಇಲ್ಲಿ ಸಹಾಯಕ್ಕೆ ಬರುತ್ತದೆ. ಹೊಸ ಪೀಪಾಯಿ ದುಬಾರಿ, ಅಗ್ಗದ್ದಕ್ಕೆ ಸಾಮಾನ್ಯವಾಗಿ ಬಳಸುವುದಿಲ್ಲ. ಒರಟುತನ ಅದರಲ್ಲೂ ಇದ್ದರೆ ತೋಟದ ಕಡೆ ನೋಡಿ. ಮೇಲಿನ ದರ್ಜೆಯದರಲ್ಲಿ ಮಾತ್ರ ಇದ್ದರೆ ಮರದ ಕಡೆ.

ಪ್ರಶ್ನೆ: ಮೇಡಂ, ನಾವು ಭೇಟಿ ಕೊಟ್ಟ ಒಂದು ವೈನರಿಯ ಎಲ್ಲ ಕೆಂಪು ವೈನ್‌ಗಳಲ್ಲೂ ಕುದುರೆಲಾಯದ ವಾಸನೆ, ಗಾಯಕ್ಕೆ ಹಚ್ಚುವ ಔಷಧಿ ಪಟ್ಟಿಯಂಥ ವಾಸನೆ. ತೋರಿಸುತ್ತಿದ್ದವರು ಹೆಮ್ಮೆಯಿಂದ “ಇದು ನಮ್ಮ ಮಣ್ಣಿನ ಗುಣ” ಎಂದರು. ಸಿಹಿ ಬಿಳಿ ವೈನ್‌ನಲ್ಲಿ ಆ ವಾಸನೆ ಇರಲಿಲ್ಲ. ನಾವು ತಲೆಯಾಡಿಸಿ ಬಂದೆವು.

ಉತ್ತರ: ಈ ತಿಂಗಳ ಒಳ್ಳೆಯ ಪತ್ರ ಇದು, ಏಕೆಂದರೆ ಉತ್ತರ ಪತ್ರದಲ್ಲೇ ಇದೆ. ಮಣ್ಣಿನ ಗುಣವೇ ಆಗಿದ್ದರೆ ಅದೇ ಜಾಗದ ಸಿಹಿ ವೈನ್ ಏಕೆ ಹೊರತಾಯಿತು?

ನೀವು ಹೇಳುವ ವಾಸನೆ ಬ್ರೆಟನೊಮೈಸಿಸ್ ಎಂಬ ಯೀಸ್ಟಿನದು ಎಂದೇ ನನ್ನ ಊಹೆ. ಇದನ್ನು ಮೊದಲು ಗುರುತಿಸಿದ್ದು ವೈನ್‌ನಲ್ಲಲ್ಲ, ಬಿಯರ್‌ನಲ್ಲಿ: 1904ರಲ್ಲಿ, ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್ ಅವರು, ಇಂಗ್ಲಿಷ್ ಬಿಯರ್‌ಗಳನ್ನು ಪರೀಕ್ಷಿಸುವಾಗ. ಪೀಪಾಯಿಯ ಮರದ ರಂಧ್ರಗಳಲ್ಲಿ ಸೇರಿಕೊಂಡಿತೆಂದರೆ ತೊಳೆದು ಓಡಿಸುವುದು ಬಹಳ ಕಷ್ಟ. ಕೆಂಪು ದ್ರಾಕ್ಷಿಯ ಸಿಪ್ಪೆಯಿಂದ ಬರುವ ಕೆಲವು ಆಮ್ಲಗಳನ್ನು ಅದು 4-ಇಥೈಲ್‌ಫೀನಾಲ್ ಆಗಿ ಮಾರ್ಪಡಿಸುತ್ತದೆ. ಲಾಯ, ಔಷಧಿ ಪಟ್ಟಿ ಎಲ್ಲ ಅದರದೇ ಕಾರುಬಾರು. ಬಿಳಿ ವೈನ್‌ನಲ್ಲಿ ಆ ಕಚ್ಚಾ ಸಾಮಗ್ರಿ ಕಡಿಮೆ. ಹುಳಿ ಹೆಚ್ಚಾದ್ದರಿಂದ ಅಲ್ಲಿ, ವೈನ್ ಕೆಡದಿರಲೆಂದು ಹಾಕುವ ಗಂಧಕದ ಡೈಆಕ್ಸೈಡ್ ಕೂಡ ಚೆನ್ನಾಗಿ ಕೆಲಸಮಾಡಿ ಯೀಸ್ಟನ್ನು ಅಡಗಿಸುತ್ತದೆ. ನಿಮ್ಮ ಸಿಹಿ ವೈನ್ ಪಾರಾದದ್ದು ಹೀಗೆ.

ಲೇಶಮಾತ್ರ ಇದ್ದರೆ ಇಷ್ಟಪಡುವವರಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಬೇರೆ ಬೇರೆ ತಳಿಯ ನಾಲ್ಕು ವೈನ್‌ಗಳು ಒಂದೇ ವಾಸನೆಯ ಕೆಳಗೆ ಹೂತುಹೋಗುವುದಕ್ಕೆ. ತೋರಿಸಿದವರು ಸುಳ್ಳು ಹೇಳಿದರೆಂದೂ ನಾನು ಭಾವಿಸುವುದಿಲ್ಲ. ದಿನವೂ ಆ ನೆಲಮಾಳಿಗೆಯಲ್ಲೇ ಉಸಿರಾಡುವವರ ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ. ಪ್ರಯೋಗಾಲಯದಲ್ಲಿ ನಮ್ಮ ವೈನ್‌ಗಳ ನಡುವೆ ಹೊರಗಿನದೊಂದು ಬಾಟಲಿಯನ್ನು ಸಂಖ್ಯೆ ಹಾಕಿ ನುಸುಳಿಸುತ್ತಿದ್ದದ್ದು ಇದಕ್ಕಾಗಿಯೇ. ಆ ದಿನ ಎಲ್ಲರ ಮುಖ ನೋಡಬೇಕು.

ಇದನ್ನು ಬಿರಡೆಯ ದೋಷದೊಂದಿಗೆ ಬೆರೆಸಬೇಡಿ. ನೆನೆದ ರಟ್ಟಿನಂತೆ ಮುಗ್ಗಲು ವಾಸನೆ ಬಂದು, ಹಣ್ಣಿನ ರುಚಿ ಸತ್ತಂತಿದ್ದರೆ ಅದು ಟಿಸಿಎ, ಬಿರಡೆಯಿಂದ ವೈನ್‌ಗೆ ಇಳಿಯುವ ಒಂದು ರಾಸಾಯನಿಕ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಸಾಕು. ಅದು ಸಾಮಾನ್ಯವಾಗಿ ಒಂದು ಬಾಟಲಿಯ ದುರದೃಷ್ಟ. ಅದೇ ವೈನ್‌ನ ಇನ್ನೊಂದು ಬಾಟಲಿ ತೆರೆದರೆ ತಿಳಿಯುತ್ತದೆ. ಒಂದು ಬಾಟಲಿಯ ತಪ್ಪಿಗೆ ಇಡೀ ವೈನರಿಯನ್ನು ತೆಗಳಬಾರದು.

ಪ್ರಶ್ನೆ: ಕೆಂಪು ವೈನ್ ಬಗ್ಗೆ ಎರಡು ಮಾತು ಬರೆಯಬಲ್ಲೆ. ಸಿಹಿ ವೈನ್ ಬಂದಾಗ “ಸಿಹಿಯಾಗಿದೆ” ಎಂಬಲ್ಲಿಗೆ ನಿಂತುಬಿಡುತ್ತೇನೆ. ಅದರ ಗುಣವನ್ನು ಅಳೆಯುವುದು ಹೇಗೆ? ಸಕ್ಕರೆ ಹಾಕಿಯೇ ಮಾಡುತ್ತಾರಲ್ಲವೇ?

ಉತ್ತರ: ಕೊನೆಯ ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಕೆಲವೆಡೆ ಸಾಂದ್ರಗೊಳಿಸಿದ ದ್ರಾಕ್ಷಿರಸ ಬೆರೆಸಿ ಸಿಹಿ ಮಾಡುವುದುಂಟು, ಅದನ್ನು ಬಿಡಿ. ಹೆಸರುವಾಸಿ ಸಿಹಿ ವೈನ್‌ಗಳಲ್ಲಿ ಇರುವುದು ಹಣ್ಣಿನದೇ ಸಕ್ಕರೆ. ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಲೀಟರ್ ವೈನ್‌ನಲ್ಲಿ ಶೇ. 1ರಷ್ಟು ಮದ್ಯ ಬರುತ್ತದೆ. ರಸದಲ್ಲಿ ಲೀಟರಿಗೆ 350 ಗ್ರಾಂ ಸಕ್ಕರೆ ಇದ್ದು, ಹುದುಗು ಶೇ. 13.5ಕ್ಕೆ ನಿಂತರೆ 230 ಗ್ರಾಂ ಖರ್ಚಾಯಿತು, 120 ಉಳಿಯಿತು. ಪ್ರಶ್ನೆ ಇರುವುದು 350 ಗ್ರಾಂ ಬಂದದ್ದೆಲ್ಲಿಂದ ಎಂಬುದರಲ್ಲಿ.

ಫ್ರಾನ್ಸಿನ ಸೋತೆರ್ನ್‌ನಲ್ಲಿ ಬೂಸ್ಟಿನಿಂದ. ತಣ್ಣನೆಯ ಸಿರೋನ್ ಹೊಳೆ ಗರೋನ್ ನದಿಯನ್ನು ಸೇರುವ ಕಡೆ ಶರತ್ಕಾಲದ ಬೆಳಗ್ಗೆ ಮಂಜು ಕವಿಯುತ್ತದೆ, ಬೊಟ್ರೈಟಿಸ್ ಎಂಬ ಬೂಸ್ಟು ಹಣ್ಣಿನ ಸಿಪ್ಪೆಯನ್ನು ತೂತು ಮಾಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ನೀರು ಆರಿ ಹಣ್ಣು ಮುರುಟುತ್ತದೆ. ಮಂಜು ಬಂದು ಬಿಸಿಲು ಬರದಿದ್ದರೆ ಬರೀ ಕೊಳೆತ. ಅಲ್ಲಿನ ಹೆಸರುವಾಸಿ ವೈನರಿ ಶಾತೋ ದಿಕೆಮ್ 2012ರ ಬೆಳೆಯಿಂದ ತನ್ನ ಸಿಹಿ ವೈನನ್ನು ಹೊರತರಲೇ ಇಲ್ಲ, ಬೆಳೆ ತನ್ನ ಮಟ್ಟಕ್ಕೆ ಬರಲಿಲ್ಲವೆಂದು. ಹಂಗರಿಯ ಟೋಕಾಯ್‌ನಲ್ಲೂ ಇದೇ ಬೂಸ್ಟು. ಅಲ್ಲಿನ ಅಸೂ ವೈನ್‌ಗೆ ಲೀಟರಿಗೆ ಕನಿಷ್ಠ 120 ಗ್ರಾಂ ಸಕ್ಕರೆ ಇರಬೇಕೆಂಬುದು ಈಗಿನ ನಿಯಮ. ಜರ್ಮನಿಯಲ್ಲಿ ಹಣ್ಣು ಬಳ್ಳಿಯಲ್ಲೇ ಮೈನಸ್ 7 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿನ ಚಳಿಗೆ ಹೆಪ್ಪುಗಟ್ಟಿದಾಗ ಕಿತ್ತು ಹಿಂಡುತ್ತಾರೆ. ನೀರು ಮಂಜುಗಡ್ಡೆಯಾಗಿ ಹಿಂದುಳಿಯುತ್ತದೆ. ಪೋರ್ಚುಗಲ್ಲಿನ ಪೋರ್ಟ್‌ಗೆ ಇಷ್ಟೆಲ್ಲ ಸಕ್ಕರೆ ಬೇಡ. ಹುದುಗು ಅರ್ಧದಲ್ಲಿರುವಾಗ ಶೇ. 77ರ ದ್ರಾಕ್ಷಿ ಮದ್ಯ ಸುರಿದರೆ ಯೀಸ್ಟ್ ಸಾಯುತ್ತದೆ, ಇದ್ದ ಸಕ್ಕರೆ ಉಳಿಯುತ್ತದೆ.

ಅಳೆಯುವಾಗ ಸಕ್ಕರೆಯನ್ನು ಮರೆತು ಹುಳಿಯನ್ನು ಹುಡುಕಿ. ಮಾಮೂಲು ಕೋಲಾದಲ್ಲಿ ಲೀಟರಿಗೆ ಸುಮಾರು 106 ಗ್ರಾಂ ಸಕ್ಕರೆ, ಸೋತೆರ್ನ್‌ನಲ್ಲಿ ಅನೇಕ ಸಲ ಅದಕ್ಕಿಂತಲೂ ಹೆಚ್ಚು. ಆದರೂ ಒಳ್ಳೆಯ ಸೋತೆರ್ನ್ ಬಾಯಿ ಕಟ್ಟುವುದಿಲ್ಲ. ಒಂದು ಗುಟುಕು ಬಾಯಲ್ಲಿ ಹರಡಿ, ಉಗುಳಿ, ಸುಮ್ಮನಿರಿ. ಹತ್ತು ಸೆಕೆಂಡಿನಲ್ಲಿ ನಾಲಿಗೆಯ ಪಕ್ಕಗಳಲ್ಲಿ ನೀರೂರಿತೇ? ಸಿಹಿ ಮೊದಲು ಜಾರಿ, ಜೇನು, ಕಿತ್ತಳೆ ಸಿಪ್ಪೆ, ಒಣಗಿದ ಏಪ್ರಿಕಾಟ್‌ನಂಥ ಪರಿಮಳ ಆಮೇಲೆ ಉಳಿಯಿತೇ? ಹಾಗಾದರೆ ಕೆಲಸ ಬಲ್ಲವರ ಕೈ. ಪರಿಮಳ ಮೊದಲು ಹೋಗಿ ತುಟಿಯ ಮೇಲೆ ಅಂಟು ಮಾತ್ರ ಉಳಿದರೆ ಅದು ಪಾನಕ. ಮೊದಲ ಗುಟುಕಿಗೆ ಎಲ್ಲ ಸಿಹಿಯೂ ಸೊಗಸೇ. ಮೂರನೆಯದಕ್ಕೆ ಕೈ ತಾನಾಗಿ ಹೋಗುತ್ತದೆಯೇ ನೋಡಿ.

ಇನ್ನೊಂದು ಮಾಡಬಹುದು. ಅದೇ ವೈನನ್ನು ಎರಡು ಲೋಟಕ್ಕೆ ಹಾಕಿ, ಒಂದನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ, ಮತ್ತೊಂದನ್ನು ಅರ್ಧ ಗಂಟೆ ಬಿಟ್ಟು ನೋಡಿ. ತಂಪು ಸಿಹಿಯನ್ನು ಅಡಗಿಸುತ್ತದೆ, ದೋಷಗಳನ್ನೂ ಅಡಗಿಸುತ್ತದೆ. ಬೆಚ್ಚಗಾದ ಲೋಟದಲ್ಲಿ ಉಗುರಿನ ಬಣ್ಣ ಅಳಿಸುವ ದ್ರಾವಣದ ವಾಸನೆ ಎದ್ದರೆ ಅದು ಇಥೈಲ್ ಅಸಿಟೇಟ್. ಬೂಸ್ಟು ಹಿಡಿದ ಹಣ್ಣಿನ ವೈನ್‌ನಲ್ಲಿ ಅದರ ಎಳೆ ಇರುವುದು ಸಹಜ, ಪರಿಮಳವನ್ನು ಎತ್ತಿಯೂ ಕೊಡುತ್ತದೆ. ಕಣ್ಣಿಗೆ ಚುಚ್ಚುವಷ್ಟಿದ್ದರೆ ಸಹಿಸಬೇಕಿಲ್ಲ. ತೆರೆದ ಕೂಡಲೇ ಗೀಚಿದ ಬೆಂಕಿಕಡ್ಡಿಯ ವಾಸನೆ ಬಂದರೆ ಮಾತ್ರ ತಾಳ್ಮೆ ಇರಲಿ. ಉಳಿದ ಸಕ್ಕರೆ ಬಾಟಲಿಯಲ್ಲಿ ಮತ್ತೆ ಹುದುಗಬಾರದೆಂದು ಸಿಹಿ ವೈನ್‌ಗೆ ಗಂಧಕದ ಡೈಆಕ್ಸೈಡ್ ಹೆಚ್ಚು ಹಾಕುತ್ತಾರೆ. ಯುರೋಪಿನ ಮಿತಿ ಕೆಂಪು ವೈನ್‌ಗೆ ಲೀಟರಿಗೆ 150 ಮಿಲಿಗ್ರಾಂ ಆದರೆ ಸೋತೆರ್ನ್‌ನಂಥವಕ್ಕೆ 400. ಗಾಳಿಯಾಡಿದರೆ ವಾಸನೆ ಹೋಗುತ್ತದೆ.

ಕೆಂಪು ಮತ್ತು ಸಿಹಿ ಎರಡನ್ನೂ ಜೋಡಿಸಿ ನೋಡಬೇಕೆಂದರೆ ಇಟಲಿಯ ವೆರೋನಾ ಬಳಿಯ ವಾಲ್ಪೊಲಿಚೆಲ್ಲಾದಂಥ ಪಾಠಶಾಲೆ ಇನ್ನೊಂದಿಲ್ಲ. ಅಲ್ಲಿನ ಒಂದೇ ವೈನರಿ ಕೊರ್ವೀನಾ ಮುಂತಾದ ಅವವೇ ಕೆಂಪು ದ್ರಾಕ್ಷಿಗಳಿಂದ ನಾಲ್ಕು ವೈನ್ ಮಾಡುತ್ತದೆ. ತಾಜಾ ಹಣ್ಣಿನಿಂದ ಹಗುರವಾದ ವಾಲ್ಪೊಲಿಚೆಲ್ಲಾ. ಗೊಂಚಲುಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಹರವಿ, ತೂಕದ ಮೂರನೆಯ ಒಂದು ಪಾಲಿನಷ್ಟು ಆರಿದ ಮೇಲೆ ಪೂರ್ತಿ ಹುದುಗಿಸಿದರೆ ಸಿಹಿಯಿಲ್ಲದ, ಕನಿಷ್ಠ ಶೇ. 14 ಮದ್ಯದ ಅಮರೋನೆ. ಅದೇ ಹಣ್ಣಿನ ಹುದುಗು ಸಕ್ಕರೆ ಇರುವಾಗಲೇ ನಿಂತರೆ ಸಿಹಿಯಾದ ರೆಚೋತೊ. ಹಿಂಡಿ ಉಳಿದ ಸಿಪ್ಪೆಯ ಮೇಲೆ ಹಗುರ ವೈನನ್ನು ಮತ್ತೊಮ್ಮೆ ಹಾಯಿಸಿದರೆ ರಿಪಾಸ್ಸೊ. ನಾಲ್ಕನ್ನೂ ಸಾಲಾಗಿ ಇಟ್ಟು ರೆಚೋತೊವನ್ನು ಕೊನೆಗೆ ಮುಟ್ಟಿ. ಅಮರೋನೆಯಲ್ಲಿ ಒರಟಾಗಿ ಕಂಡ ಒಗರು ರೆಚೋತೊದಲ್ಲಿ ಸಿಹಿಯ ಹಿಂದೆ ಅಡಗಿ ಕೂತಿರುತ್ತದೆ. ಅದು ಎಲ್ಲೂ ಹೋಗಿಲ್ಲ. ಒಸಡನ್ನು ಕೇಳಿ, ಹೇಳುತ್ತದೆ. ಸಿಹಿ ಏನೇನನ್ನು ಮುಚ್ಚಬಲ್ಲದು ಎಂದು ಇಷ್ಟು ಸ್ಪಷ್ಟವಾಗಿ ತೋರಿಸುವ ಬೇರೆ ಸಾಲು ನನಗೆ ಗೊತ್ತಿಲ್ಲ.

ಪ್ರಶ್ನೆ: ಒಂದೇ ವೈನ್‌ನ ಎರಡು ವರ್ಷಗಳ ನಡುವೆ ಬಹಳ ವ್ಯತ್ಯಾಸವಿದೆ ಎಂದು ಅಣ್ಣ ವಾದಿಸುತ್ತಾನೆ. ನನಗೆ ಎರಡೂ ಒಂದೇ. ಪಂಚಾಯಿತಿ ಮಾಡಿ.

ಉತ್ತರ: ಮೂರು ಲೋಟ ಮಾಡಲಿ. ಎರಡರಲ್ಲಿ ಒಂದು ವರ್ಷದ್ದು, ಮೂರನೆಯದರಲ್ಲಿ ಇನ್ನೊಂದು. ನೀವು ಸುರಿಯಿರಿ, ಬೇರೆಯದು ಯಾವುದೆಂದು ನಿಮ್ಮ ಅಣ್ಣ ಹೇಳಲಿ. ಒಂದು ಸಲ ಸರಿ ಹೇಳಿದರೆ ಲೆಕ್ಕಕ್ಕಿಲ್ಲ, ಊಹೆಗೂ ಮೂರರಲ್ಲಿ ಒಂದು ಅವಕಾಶವಿದೆ. ಲೋಟಗಳ ಜಾಗ ಬದಲಿಸುತ್ತ ಐದು ಸಲ ಮಾಡಿ. ನಾಲ್ಕು ಅಥವಾ ಐದೂ ಸರಿಯಾದರೆ ಬರೀ ಊಹೆಯಿಂದ ಹಾಗಾಗುವ ಸಾಧ್ಯತೆ ಶೇ. 5ಕ್ಕಿಂತ ಕಡಿಮೆ, ಸೋಲೊಪ್ಪಿಕೊಳ್ಳಿ. ಎರಡೂ ಒಂದೇ ಬಿಸಿಯಲ್ಲಿರಬೇಕು, ಇಲ್ಲದಿದ್ದರೆ ಅವರು ಕಂಡುಹಿಡಿಯುವುದು ಫ್ರಿಜ್ಜನ್ನು.

ಪ್ರಶ್ನೆ: ಅಂಕ ಕೊಡುವಾಗ 20ಕ್ಕೆ ಕೊಡಬೇಕೇ, 100ಕ್ಕೆ ಕೊಡಬೇಕೇ?

ಉತ್ತರ: ನಿಮ್ಮ ಮನೆಯ ಮೇಜಿಗೆ ಎರಡೂ ಬೇಡ. ಅಮೆರಿಕದ ರಾಬರ್ಟ್ ಹಾಡ್ಜ್‌ಸನ್, ಸ್ವತಃ ವೈನರಿ ನಡೆಸುತ್ತಿದ್ದವರು, ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ಸ್ಪರ್ಧೆಯಲ್ಲಿ ತೀರ್ಪುಗಾರರಿಗೆ ತಿಳಿಯದಂತೆ ಒಂದೇ ಬಾಟಲಿಯ ವೈನನ್ನು ಮೂರು ಸಲ ಕೊಡಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರೂ ಸಲ ಒಂದೇ ಪದಕದ ಮಟ್ಟದಲ್ಲಿ ನಿಂತವರು ಸುಮಾರು ಶೇ. 10 ಮಾತ್ರ. ಕಸುಬುದಾರರ ಪಾಡೇ ಇದು. 91 ಮತ್ತು 92ರ ನಡುವಿನ ಅಂತರ ಬಾಯಿಗಿಂತ ಮಾರುಕಟ್ಟೆಗೆ ಹೆಚ್ಚು ಉಪಯೋಗ. ಆರು ಲೋಟಗಳನ್ನು ಇಷ್ಟವಾದ ಕ್ರಮದಲ್ಲಿ ಜೋಡಿಸಿ, ಪಕ್ಕದ ಎರಡರ ನಡುವೆ ಏಕೆ ಅದು ಮೇಲೆ, ಇದು ಕೆಳಗೆ ಎಂದು ಒಂದು ವಾಕ್ಯ ಬರೆಯಿರಿ. ಕಾರಣ ಸಿಗದಿದ್ದರೆ ಎರಡಕ್ಕೂ ಒಂದೇ ಸ್ಥಾನ.

ಪ್ರಶ್ನೆ: ಹಳೆಯ ಸಿಹಿ ಬಿಳಿ ವೈನ್ ಕಂದು ಬಣ್ಣಕ್ಕೆ ತಿರುಗಿದೆ, ತಳದಲ್ಲಿ ಗಾಜಿನ ಪುಡಿಯಂಥದ್ದು ಇದೆ. ಚೆಲ್ಲಲೇ?

ಉತ್ತರ: ಬೇಡ. ಆ ಹರಳುಗಳು ದ್ರಾಕ್ಷಿಯದೇ ಟಾರ್ಟಾರಿಕ್ ಆಮ್ಲದ ಲವಣ, ಚಳಿಗೆ ಹರಳುಗಟ್ಟಿದೆ, ನಿರಪಾಯಕಾರಿ. ನಿಧಾನವಾಗಿ ಬಗ್ಗಿಸಿದರೆ ತಳದಲ್ಲೇ ಉಳಿಯುತ್ತದೆ. ಸಿಹಿ ಬಿಳಿ ವೈನ್ ವಯಸ್ಸಾದಂತೆ ಚಿನ್ನದಿಂದ ಕಂದಿಗೆ ಹೋಗುತ್ತದೆ, ಕೆಂಪು ವೈನ್ ನೇರಳೆಯಿಂದ ಇಟ್ಟಿಗೆಯ ಬಣ್ಣಕ್ಕೆ ಬರುತ್ತದೆ. ಮೂಸಿ ನೋಡಿ ತೀರ್ಮಾನಿಸಿ.

ಪ್ರಶ್ನೆ: ತೆರೆದ ಬಾಟಲಿಗಳು ಎಷ್ಟು ದಿನ ಇರುತ್ತವೆ?

ಉತ್ತರ: ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಕೆಂಪು ಮೂರ್ನಾಲ್ಕು ದಿನ, ಸಿಹಿ ಬಿಳಿ ವೈನ್ ಒಂದು ವಾರದ ಆಸುಪಾಸು, ಪೀಪಾಯಿಯಲ್ಲೇ ಹಳೆಯದಾದ ಟಾನಿ ಪೋರ್ಟ್ ಕೆಲವು ವಾರ.

ಪ್ರಶ್ನೆ: ವೈದ್ಯರು ಮದ್ಯ ಮುಟ್ಟಬಾರದೆಂದಿದ್ದಾರೆ. ಗೆಳೆಯರ ರುಚಿನೋಟದಲ್ಲಿ ನನಗೇನಾದರೂ ಪಾಲಿದೆಯೇ?

ಉತ್ತರ: ದೊಡ್ಡ ಪಾಲೇ ಇದೆ. ದೋಷಗಳಲ್ಲಿ ಬಹುಪಾಲು ಮೂಗಿಗೇ ಸಿಕ್ಕಿಬೀಳುತ್ತವೆ: ಮುಗ್ಗಲು, ಲಾಯ, ಉಗುರಿನ ಬಣ್ಣದ ದ್ರಾವಣ. ಬಾಯಿಗಿಡದೆ ಮೂಸಿ ಬರೆಯಿರಿ. ಒಗರು, ಹುಳಿ, ರುಚಿ ಬಾಯಲ್ಲಿ ನಿಲ್ಲುವ ಹೊತ್ತು ನಿಮ್ಮ ಕೈಗೆ ಸಿಗುವುದಿಲ್ಲ, ಅವನ್ನು ಅವರಿಗೆ ಬಿಡಿ. ಬಾಟಲಿಗಳಿಗೆ ಚೀಲ ಹಾಕಿ ಸುರಿಯುವ ಅಧಿಕಾರವನ್ನೂ ನೀವೇ ಇಟ್ಟುಕೊಳ್ಳಿ. ಒಂದೇ ವೈನನ್ನು ಎರಡು ಸಂಖ್ಯೆಯಲ್ಲಿ ಸುರಿದು ಅವರು ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಸುಖ ಕುಡಿಯುವವರಿಗೆ ಸಿಗುವಂಥದ್ದಲ್ಲ.

ಪ್ರಶ್ನೆ: ವೈನರಿಯಲ್ಲಿ ಮಾಲೀಕರೇ ಎದುರು ನಿಂತು ಸುರಿಯುತ್ತಾರೆ, “ಹೇಗಿದೆ?” ಎಂದು ಕೇಳುತ್ತಾರೆ. ಇಷ್ಟವಾಗದಿದ್ದರೆ ಏನು ಹೇಳಲಿ?

ಉತ್ತರ: ಚೆನ್ನಾಗಿದೆ, ಚೆನ್ನಾಗಿಲ್ಲ ಎರಡನ್ನೂ ಬಿಟ್ಟು ಪ್ರಶ್ನೆ ಕೇಳಿ. ಕೆಂಪಾದರೆ ಎಷ್ಟು ತಿಂಗಳು ಪೀಪಾಯಿಯಲ್ಲಿತ್ತು, ಅದರಲ್ಲಿ ಹೊಸದೆಷ್ಟು, ಯಾವಾಗ ಬಾಟಲಿಗೆ ತುಂಬಿದಿರಿ. ತುಂಬಿ ಕೆಲವೇ ವಾರವಾದ ವೈನ್ ಮಂಕಾಗಿರುವುದುಂಟು, ಅದಕ್ಕೆ ರಿಯಾಯಿತಿ ಕೊಡಿ. ಸಿಹಿಯಾದರೆ ಲೀಟರಿಗೆ ಸಕ್ಕರೆ ಎಷ್ಟು, ಆಮ್ಲ ಎಷ್ಟು, ಸಕ್ಕರೆ ಉಳಿದದ್ದು ಹೇಗೆ. ಕೆಲಸ ಬಲ್ಲವರು ಈ ಅಂಕಿಗಳನ್ನು ಥಟ್ಟನೆ ಹೇಳುತ್ತಾರೆ, ಕೇಳಿದವರು ಸಿಕ್ಕರೆಂದು ಖುಷಿಯನ್ನೂ ಪಡುತ್ತಾರೆ. ಎಷ್ಟೋ ಸಲ ಅಲ್ಲಿಂದ ಒಳಗಿನ ಪೀಪಾಯಿಯ ರುಚಿ ನೋಡುವ ಕರೆಯೂ ಬರುತ್ತದೆ. ಮತ್ತೆ ಒತ್ತಾಯಿಸಿ ಕೇಳಿದರೆ ಲೋಟದಲ್ಲಿ ಇದ್ದದ್ದನ್ನು ಹೇಳಿ: “ನನಗೆ ಒಗರು ಹಣ್ಣಿಗಿಂತ ಮುಂದಿದೆ ಅನ್ನಿಸಿತು.” ಅದು ನಿಂದೆಯಲ್ಲ, ಟಿಪ್ಪಣಿ. ಕೊಳ್ಳಲೇಬೇಕೆಂಬ ದಾಕ್ಷಿಣ್ಯಕ್ಕೆ ಬಿದ್ದರೆ ಇಷ್ಟವಾದದ್ದರಲ್ಲೇ ಒಂದನ್ನು ಕೊಳ್ಳಿ. ಸಿಹಿ ವೈನ್‌ಗಳು 375 ಮಿಲಿಯ ಅರ್ಧ ಬಾಟಲಿಯಲ್ಲೂ ಬರುತ್ತವೆ.